ಯಾವ ಪುಟ, ತೋರಿಸಿ

ಸಾಮಾಜಿಕ ಸಮಸ್ಯೆಯ ಬಗ್ಗೆ ಬರೆದ ಕಾದಂಬರಿಯನ್ನು ಮಕ್ಕಳ ಜೊತೆ ಕೂತು ಚರ್ಚೆ ಮಾಡುವಾಗ ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಾವುದು ಗೊತ್ತಾ? ಆ ಸಮಸ್ಯೆಯೇ. ಕೇಳಲು ವಿಚಿತ್ರ ಅನಿಸಬಹುದು. ಆದರೆ ನಮ್ಮ ಶಾಲೆಯ ಬುಕ್ ಕ್ಲಬ್ಬಿನಲ್ಲಿ ಕೂತು ಕೂತು ನನಗೆ ಖಾತ್ರಿಯಾದ ಸಂಗತಿ ಇದು. ಬಣ್ಣ ನೋಡಿ ಮನುಷ್ಯರನ್ನು ಬೇರೆ ಮಾಡಬಹುದಾ? ಮಾಡಬಾರದು. ಇನ್ನೊಬ್ಬರನ್ನು ಗೇಲಿ ಮಾಡಿ ಅಳಿಸಬಹುದಾ? ತಪ್ಪು. 14ರಿಂದ 16 ವರ್ಷದ ಮಕ್ಕಳಿಗೆ ಈ ಉತ್ತರಗಳು ಬಾಯಿಪಾಠ. ದೊಡ್ಡವರಿಗೆ ಯಾವ ಉತ್ತರ ಇಷ್ಟ ಅಂತಲೂ ಅವರಿಗೆ ಚೆನ್ನಾಗಿ ಗೊತ್ತು. ಅದನ್ನು ಹೇಳಿ ಮುಗಿಸುತ್ತಾರೆ. ಆಮೇಲೆ ಗಡಿಯಾರ ನೋಡುತ್ತಾರೆ.

ಮೊದಮೊದಲು ನಮ್ಮ ಕ್ಲಬ್ಬಿನಲ್ಲಿ ಆಗುತ್ತಿದ್ದದ್ದು ಇಷ್ಟೇ. ಎಲ್ಲರೂ ಒಳ್ಳೆಯ ಮಾತಾಡುವವರು, ಎಲ್ಲರೂ ಒಬ್ಬರನ್ನೊಬ್ಬರು ಒಪ್ಪುವವರು. ಪುಸ್ತಕ ಓದದೆಯೂ ಆ ಮಾತುಗಳನ್ನು ಆಡಬಹುದಿತ್ತು. ಕೆಲವರು ಹಾಗೇ ಆಡುತ್ತಿದ್ದರು ಅನ್ನೋದು ಬೇರೆ ಮಾತು.

ಪುಸ್ತಕ ಆರಿಸುವ ಕೆಲಸ ಮಕ್ಕಳದೇ. ನಾನು ಒಂದಷ್ಟು ಪುಸ್ತಕ ಮೇಜಿನ ಮೇಲಿಟ್ಟು ಒಂದೊಂದರ ಬಗ್ಗೆ ಎರಡು ಮಾತು ಹೇಳುತ್ತೇನೆ. ಕಥೆ ಎಲ್ಲಿಂದ ಶುರುವಾಗುತ್ತೆ, ಎಷ್ಟು ದಪ್ಪ, ಓದಲು ಕಷ್ಟವಾಗುವಂಥದ್ದು ಏನಾದರೂ ಇದೆಯಾ, ಅಷ್ಟೇ. ಸಾವು, ಹಿಂಸೆ, ಲೈಂಗಿಕ ದೌರ್ಜನ್ಯ ಇದ್ದರೆ ಮುಚ್ಚಿಡುವುದಿಲ್ಲ. ಮಕ್ಕಳಿಗೂ ಹೇಳುತ್ತೇನೆ, ಮನೆಗೂ ಒಂದು ಚೀಟಿ ಹೋಗುತ್ತದೆ. ಬೇಡ ಅನಿಸಿದವರಿಗೆ ಬೇರೆ ಪುಸ್ತಕ ಇದ್ದೇ ಇರುತ್ತದೆ. ಆಮೇಲೆ ಚೀಟಿಯಲ್ಲಿ ಮತ ಹಾಕುತ್ತಾರೆ. ಕೈ ಎತ್ತಿಸುವ ಪದ್ಧತಿ ನಮ್ಮಲ್ಲಿಲ್ಲ. ಕೈ ಎತ್ತಿಸಿದರೆ ಗೆಲ್ಲುವುದು ಪುಸ್ತಕವಲ್ಲ, ಜೋರು ಬಾಯಿಯ ಹುಡುಗ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹದಿಹರೆಯದವರ ಕಾದಂಬರಿ ಅಂದ ತಕ್ಷಣ ಮೂಗು ಮುರಿಯುವ ದೊಡ್ಡವರು ತುಂಬಾ ಜನ. ‘ದಿ ಔಟ್‌ಸೈಡರ್ಸ್’ 1967ರಲ್ಲಿ ಬಂತು. ಅದನ್ನು ಬರೆದ ಎಸ್.ಇ. ಹಿಂಟನ್ ಆಗಿನ್ನೂ ಹದಿಹರೆಯದ ಹುಡುಗಿ. ತಮ್ಮ ಸುತ್ತಲಿನ ಹುಡುಗರು ಬಡವ, ಶ್ರೀಮಂತ ಅಂತ ಗುಂಪು ಕಟ್ಟಿಕೊಂಡು ಬಡಿದಾಡುವುದು ಯಾವ ಪುಸ್ತಕದಲ್ಲೂ ಕಾಣದಿದ್ದಾಗ ತಾವೇ ಬರೆದರು. ನಮ್ಮ ಕ್ಲಬ್ಬಿನಲ್ಲಿ ಈ ವಿಷಯ ಹೇಳಿದಾಗ ಎಲ್ಲರೂ ಪುಸ್ತಕದ ಹಿಂಬದಿ ತಿರುಗಿಸಿ ನೋಡಿದರು. ಓದಲು ಕೊಡಬಹುದಾದ ಕಾರಣಗಳಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಚರ್ಚೆ ನಡೆಸುವುದು ಹೇಗೆ ಅನ್ನೋದಕ್ಕೆ ನಾನು ಹಾರ್ವಿ ಡೇನಿಯಲ್ಸ್ ಅವರ ಕ್ರಮವನ್ನು ಹಿಡಿದುಕೊಂಡಿದ್ದೆ. ಶಾಲೆಗಳಲ್ಲಿ ಸಣ್ಣ ಗುಂಪು ಮಾಡಿ ಪುಸ್ತಕ ಓದಿಸುವ ಬಗ್ಗೆ ಅವರು 1994ರಲ್ಲಿ ಬರೆದ ಪುಸ್ತಕ ಮೇಷ್ಟ್ರುಗಳ ವಲಯದಲ್ಲಿ ತುಂಬಾ ಓಡಾಡಿದೆ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಒಬ್ಬರು ಪ್ರಶ್ನೆ ತರಬೇಕು, ಒಬ್ಬರು ಒಳ್ಳೆಯ ಸಾಲು ಹುಡುಕಬೇಕು, ಒಬ್ಬರು ಕಥೆಯನ್ನು ತಮ್ಮ ಬದುಕಿಗೆ ಜೋಡಿಸಬೇಕು, ಇನ್ನೊಬ್ಬರು ಚಿತ್ರ ಬರೆಯಬೇಕು. ಶುರುವಿಗೆ ಇದು ಚೆನ್ನ. ಏನು ಮಾತಾಡಬೇಕು ಅಂತ ತಡಕಾಡುವ ಮಕ್ಕಳಿಗೆ ಒಂದು ಆಸರೆ. ಆದರೆ ಸ್ವಲ್ಪ ದಿನಕ್ಕೆ ಎಲ್ಲರೂ ತಮ್ಮ ತಮ್ಮ ಹಾಳೆ ಓದಿ ಹೇಳಿ ಸುಮ್ಮನೆ ಕೂರತೊಡಗುತ್ತಾರೆ. ಚಿತ್ರ ಬರೆದವಳು ಚಿತ್ರ ತೋರಿಸಿದಳು, ಮುಗಿಯಿತು. ಹಾಳೆಗಳು ಹೀಗೆ ಯಾಂತ್ರಿಕವಾಗಿಬಿಡುತ್ತವೆ ಅಂತ ಡೇನಿಯಲ್ಸ್ ಅವರೇ ಮುಂದೆ ಎಚ್ಚರಿಸಿದ್ದಾರೆ. ನಾವು ಹಾಳೆ ಬಿಟ್ಟು ಅಂಟು ಚೀಟಿಗೆ ಬಂದೆವು. ಓದುವಾಗ ಎಲ್ಲಿ ಸಿಟ್ಟು ಬಂತೋ, ಎಲ್ಲಿ ಅರ್ಥವಾಗಲಿಲ್ಲವೋ, ಎಲ್ಲಿ ನಂಬಿಕೆ ಬರಲಿಲ್ಲವೋ, ಅಲ್ಲಿ ಒಂದು ಚೀಟಿ. ಅದರ ಮೇಲೆ ಏನೂ ಬರೆಯದಿದ್ದರೂ ಸರಿ.

ಜೊತೆಗೆ ಒಂದು ನಿಯಮ. ಅಭಿಪ್ರಾಯ ಹೇಳುವ ಮುಂಚೆ ಪುಟ ಹೇಳಬೇಕು. ಯಾರಾದರೂ “ಸಮಾಜ ಬದಲಾಗಬೇಕು” ಅಂತ ಶುರು ಮಾಡಿದರೆ ಪಕ್ಕದವರು “ಯಾವ ಪುಟ, ತೋರಿಸು” ಅನ್ನಬಹುದು. ಮೊದಲು ಇದು ತಮಾಷೆಯಾಗಿತ್ತು. ಆಮೇಲೆ ಇದೇ ಕ್ಲಬ್ಬಿನ ನಡೆಯಾಯಿತು.

ಇದರ ಫಲ ನನಗೆ ಚೆನ್ನಾಗಿ ಕಂಡದ್ದು ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ ಓದಿದಾಗ. 1999ರ ಕಾದಂಬರಿ. ಹದಿಹರೆಯದವರ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ಪ್ರಿಂಟ್ಜ್ ಪ್ರಶಸ್ತಿ 2000ದಲ್ಲಿ ಶುರುವಾದಾಗ ಮೊದಲು ಪಡೆದದ್ದು ಇದೇ ಪುಸ್ತಕ. ನ್ಯೂಯಾರ್ಕಿನ ಹಾರ್ಲೆಮ್‌ನ 16 ವರ್ಷದ ಕಪ್ಪು ಹುಡುಗ ಸ್ಟೀವ್ ಹಾರ್ಮನ್ ಮೇಲೆ ಕೊಲೆ ಕೇಸು. ಔಷಧಿ ಅಂಗಡಿಯ ದರೋಡೆಯಲ್ಲಿ ಅಂಗಡಿಯ ಮಾಲೀಕ ಸತ್ತಿದ್ದಾನೆ. ದರೋಡೆಗೆ ಮುಂಚೆ ಒಳಗೆ ಹೋಗಿ ಪೊಲೀಸರು ಇದ್ದಾರಾ ಅಂತ ನೋಡಿ ಬಂದವನು ಸ್ಟೀವ್ ಅಂತ ಆರೋಪ. ಶಾಲೆಯಲ್ಲಿ ಸಿನಿಮಾ ಕಲಿಯುವ ಹುಡುಗ ಅವನು. ಹಾಗಾಗಿ ತನ್ನ ವಿಚಾರಣೆಯನ್ನೇ ಚಿತ್ರಕಥೆಯಾಗಿ ಬರೆಯುತ್ತಾನೆ. ನಡುನಡುವೆ ಜೈಲಿನ ದಿನಚರಿ.

ವಿಷಯ ಅಂತ ನೋಡಿದರೆ ಇಲ್ಲಿ ಬೇಕಾದಷ್ಟಿದೆ. ನ್ಯಾಯಾಲಯ, ಬಣ್ಣ, ಬಡತನ, ಜೈಲು. ಆದರೆ ನಮ್ಮವರು ಹಿಡಿದುಕೊಂಡದ್ದು ಒಂದೇ ಪ್ರಶ್ನೆ. ಅವನು ಒಳಗೆ ಹೋಗಿದ್ದನಾ ಇಲ್ಲವಾ?

ಬಹಳಷ್ಟು ಮಕ್ಕಳು ಇಲ್ಲ ಅಂದರು. ಯಾಕೆ ಅಂತ ಕೇಳಿದರೆ, ಅವನೇ ಹೇಳುತ್ತಾನಲ್ಲ ಅಂದರು. ಕಥೆ ಹೇಳುವವನನ್ನು ನಂಬುವುದು ಓದುಗರ ಅಭ್ಯಾಸ, ಮಕ್ಕಳೊಬ್ಬರದೇ ಅಲ್ಲ. ಆಗ ಮೂಲೆಯಲ್ಲಿ ಕೂತಿದ್ದ, ಜಾಸ್ತಿ ಮಾತಾಡದ ಒಬ್ಬಳು ಪುಸ್ತಕ ತೆರೆದು ಎರಡು ಕಡೆ ಬೆರಳಿಟ್ಟಳು. “ಮೇಡಂ, ಕೋರ್ಟಲ್ಲಿ ಆ ದಿನ ಅಂಗಡಿಗೆ ಹೋಗೇ ಇಲ್ಲ ಅಂತಾನೆ. ಆದ್ರೆ ಇಲ್ಲಿ ಬರ್ಕೊಂಡಿರೋದ್ರಲ್ಲಿ ಪೆಪ್ಪರ್‌ಮೆಂಟ್ ನೋಡೋಕೆ ಅಂಗಡಿಗೆ ಹೋಗಿ ಬಂದೆ ಅಂತಾನೆ. ಎರಡರಲ್ಲಿ ಒಂದು ಸುಳ್ಳು, ಅಲ್ವಾ?”

ಆಮೇಲೆ ನನಗೆ ಕೆಲಸವೇ ಇರಲಿಲ್ಲ. ಅದು ಬೇರೆ ದಿನ ಇರಬಹುದು ಅಂತ ಒಬ್ಬ. ಬೇರೆ ದಿನವಾದರೆ ಅದನ್ನು ಈಗ ಯಾಕೆ ಬರೆಯುತ್ತಾನೆ ಅಂತ ಇನ್ನೊಬ್ಬಳು. ಹೆದರಿದ ಹುಡುಗ ಸುಳ್ಳು ಹೇಳಿದರೆ ಅವನು ಕೊಲೆಗಾರ ಆಗಿಬಿಡುತ್ತಾನಾ ಅಂತ ಮತ್ತೊಬ್ಬ. ಆಗ ಒಬ್ಬ ಹುಡುಗ, ಯಾವಾಗಲೂ ಕೊನೆಯಲ್ಲಿ ಬಾಯಿ ಬಿಡುವವನು, ಒಂದು ಮಾತು ಕೇಳಿದ. “ಅವನು ಸುಳ್ಳು ಹೇಳಿದ್ರೂ ನಮಗೆ ಅವನ ಮೇಲೆ ಕನಿಕರ ಇರುತ್ತಾ? ಅಥವಾ ಅವನು ಪೂರ್ತಿ ಒಳ್ಳೆಯವನಾಗಿದ್ರೆ ಮಾತ್ರ ನ್ಯಾಯ ಬೇಕಾ?”

ಇದೇ ಪ್ರಶ್ನೆಯನ್ನು ನಾನು ಶುರುವಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದರೆ ಎಲ್ಲರೂ ಒಂದೇ ದನಿಯಲ್ಲಿ “ನ್ಯಾಯ ಎಲ್ಲರಿಗೂ ಬೇಕು” ಅಂದುಬಿಡುತ್ತಿದ್ದರು. ಪೆಪ್ಪರ್‌ಮೆಂಟಿನ ಸಾಲಿನಿಂದ ಬಂದದ್ದರಿಂದ ಅದಕ್ಕೆ ತೂಕ ಬಂತು.

ಆ ಪುಸ್ತಕದ ಕೊನೆಯೂ ಅಷ್ಟೇ. ಸ್ಟೀವ್ ತಪ್ಪಿತಸ್ಥನಲ್ಲ ಅಂತ ತೀರ್ಪು ಬರುತ್ತದೆ. ಖುಷಿಯಲ್ಲಿ ಅವನು ತನ್ನ ಪರ ವಾದಿಸಿದ ಲಾಯರ್ ಓಬ್ರಿಯನ್ ಅವರನ್ನು ತಬ್ಬಿಕೊಳ್ಳಲು ಕೈ ಚಾಚುತ್ತಾನೆ. ಆಕೆ ಮುಖ ತಿರುಗಿಸುತ್ತಾರೆ. ತಿಂಗಳುಗಳು ಕಳೆದರೂ ಸ್ಟೀವ್‌ಗೆ ಅದೇ ಚಿಂತೆ, ಆಕೆ ನನ್ನಲ್ಲಿ ಏನು ಕಂಡರು ಅಂತ. ಹುಡುಗಿಯೊಬ್ಬಳು ಲಾಯರ್ ಪರ ನಿಂತಳು. ಆಕೆಗೆ ಅದು ಕೆಲಸ, ಕೆಲಸ ಮುಗಿಯಿತು, ತಬ್ಬಿಕೊಳ್ಳಲೇಬೇಕು ಅಂತ ಏನಿದೆ? ಉಳಿದವರು ಅವಳ ಮೇಲೆ ಮುಗಿಬಿದ್ದರು. ಅವಳು ಜಗ್ಗಲಿಲ್ಲ. ಅವತ್ತು ಬಾಗಿಲು ಹಾಕಬೇಕು ಅಂತ ನಾನೇ ಎಬ್ಬಿಸಿ ಕಳಿಸಿದೆ. ಮೆಟ್ಟಿಲ ಮೇಲೂ ಜಗಳ ಕೇಳುತ್ತಿತ್ತು.

ಆಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’ 2017ರದ್ದು. ಸಾಕಷ್ಟು ದಪ್ಪ, ಆದರೂ ಬೇಗ ಓದಿಸಿಕೊಳ್ಳುತ್ತದೆ. 16 ವರ್ಷದ ಸ್ಟಾರ್ ಕಣ್ಣೆದುರೇ ಅವಳ ಬಾಲ್ಯದ ಗೆಳೆಯ ಖಲೀಲ್‌ನನ್ನು ಪೊಲೀಸ್ ಅಧಿಕಾರಿ ಗುಂಡು ಹೊಡೆದು ಕೊಲ್ಲುತ್ತಾನೆ. ಬಂದೂಕು ಅಂತ ಅವನು ತಿಳಿದದ್ದು ತಲೆ ಬಾಚುವ ಬ್ರಷ್. ಇದರ ಬಗ್ಗೆ ಮಕ್ಕಳು ಗಂಟೆಗಟ್ಟಲೆ ಮಾತಾಡುತ್ತಾರೆ ಅಂದುಕೊಳ್ಳಬಹುದು. ಮಾತಾಡಿದರು, ಆದರೆ ಬೇಗ ಮುಗಿಯಿತು. ಆ ಸಾವು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಚೀಟಿಗಳು ದಂಡಿಯಾಗಿ ಅಂಟಿದ್ದು ಹೇಲಿ ಬರುವ ಪುಟಗಳಲ್ಲಿ.

ಹೇಲಿ ಅಂದರೆ ಸ್ಟಾರ್‌ಳ ಶಾಲೆಯ ಗೆಳತಿ, ಬಿಳಿ ಹುಡುಗಿ. ಆಟದ ಮೈದಾನದಲ್ಲಿ ಸ್ಟಾರ್‌ಗೆ, ಚೆಂಡನ್ನು ಫ್ರೈಡ್ ಚಿಕನ್ ಅಂದುಕೊಂಡು ಹಿಡಿ ಅನ್ನುತ್ತಾಳೆ. ಕಪ್ಪು ಜನರನ್ನು ಹಂಗಿಸಲು ಬಹಳ ಹಿಂದಿನಿಂದ ಬಳಸುವ ಕೊಂಕು ಅದು. ಸ್ಟಾರ್ ಸಿಟ್ಟಾದರೆ ಹೇಲಿಗೆ ಆಶ್ಚರ್ಯ. ನಾನು ತಮಾಷೆ ಮಾಡಿದೆ, ನೀನು ಅದನ್ನು ಎಲ್ಲಿಗೋ ಒಯ್ದೆ ಅನ್ನುತ್ತಾಳೆ. ಮುಂದೆ ಇನ್ನೊಬ್ಬ ಗೆಳತಿ ಮಾಯಾ ಒಂದು ಹಳೆಯ ವಿಷಯ ತೆಗೆಯುತ್ತಾಳೆ. ಚೀನೀ ಮೂಲದ ಅವಳ ಮನೆಯವರು ಬೆಕ್ಕು ತಿಂದರಾ ಅಂತ ಹೇಲಿ ಹಿಂದೊಮ್ಮೆ ಕೇಳಿದ್ದಳು. ಆಗ ಎಲ್ಲರೂ ನಕ್ಕಿದ್ದರು. ಸ್ಟಾರ್ ಕೂಡ ನಕ್ಕಿದ್ದಳು.

ಈ ಪುಟ ಬಂದಾಗ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಯಾವುದೋ ಒಂದು ನಗುವನ್ನು ನೆನಪು ಮಾಡಿಕೊಳ್ಳುತ್ತಿದ್ದರು ಅಂತ ನನ್ನ ಊಹೆ. ನಾನು ಯಾರನ್ನೂ ಕೇಳಲಿಲ್ಲ. ಕೇಳಬಾರದು. “ನಿನಗೆ ಹೀಗೆ ಆಗಿದೆಯಾ?” ಅನ್ನುವ ಪ್ರಶ್ನೆ ನಮ್ಮ ಕ್ಲಬ್ಬಿನಲ್ಲಿ ನಿಷಿದ್ಧ. ತಾನಾಗೇ ಹೇಳಿದರೆ ಕೇಳಿಸಿಕೊಳ್ಳುತ್ತೇವೆ. ಇನ್ನೊಂದು ನಿಷೇಧವೂ ಇದೆ. ಯಾರನ್ನೂ ಅವರ ಇಡೀ ಸಮುದಾಯದ ಪರವಾಗಿ ಮಾತಾಡಲು ಕೇಳುವ ಹಾಗಿಲ್ಲ. ಕಾಲು ಇಲ್ಲದ ಪಾತ್ರ ಬಂದ ಕೂಡಲೇ ಗಾಲಿಕುರ್ಚಿಯಲ್ಲಿ ಕೂತವನ ಕಡೆ ಎಲ್ಲರೂ ತಿರುಗಿದರೆ ಆ ಹುಡುಗ ಮುಂದಿನ ವಾರ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಹೇಲಿಯ ಸ್ನೇಹವನ್ನು ಸ್ಟಾರ್ ಕಡಿದುಕೊಳ್ಳಬೇಕಿತ್ತಾ ಅನ್ನುವುದರ ಮೇಲೆ ಗುಂಪು ನಿಜವಾಗಿ ಒಡೆಯಿತು. ಕ್ಷಮೆ ಕೇಳಲು ಒಂದು ಅವಕಾಶ ಕೊಡಬೇಕಿತ್ತು ಅಂದವರಿಗೆ ಇನ್ನೊಬ್ಬರು ಪುಟ ತೋರಿಸಿದರು, ಕೊಟ್ಟಿದ್ದಾಳಲ್ಲ ಅಂತ. ಸ್ಟಾರ್ ಶಾಲೆಯಲ್ಲಿ ತೂಗಿ ಅಳೆದು ಮಾತಾಡುತ್ತಾಳೆ, ಖಲೀಲ್ ತನಗೆ ಗೊತ್ತು ಅನ್ನುವುದನ್ನೇ ಮುಚ್ಚಿಡುತ್ತಾಳೆ, ಹಾಗಿರುವಾಗ ಹೇಲಿಗೆ ಅರ್ಥವಾಗುವುದು ಹೇಗೆ ಅಂತ ಒಬ್ಬ ಕೇಳಿದ. ಒಬ್ಬಳಿಗೆ ರೇಗಿಹೋಯಿತು. “ಹೇಳ್ದೇ ಇರೋದು ಅವಳ ತಪ್ಪಾ? ಹೇಳೋಕೆ ಆಗ್ದೇ ಇರೋ ಹಾಗೆ ಇಟ್ಟಿರೋದು ಯಾರೋ?” ಅಂದಳು. ಈ ಜಗಳ ತೀರ್ಮಾನವಾಗಲಿಲ್ಲ. ನಾನು ತೀರ್ಪು ಕೊಡುವ ಗೋಜಿಗೆ ಹೋಗಲಿಲ್ಲ.

ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ ವಿಷಯಕ್ಕೆ ಬಂದಾಗ ಮಾತ್ರ ನಾನು ಬೇರೆ ಥರ ತಯಾರಾಗಿದ್ದೆ. ಇದೂ 1999ರ ಪುಸ್ತಕ. ಮೆಲಿಂಡಾ ಪಾರ್ಟಿಯೊಂದರಲ್ಲಿ ಪೊಲೀಸರಿಗೆ ಫೋನ್ ಮಾಡಿದ್ದಾಳೆ. ಅದಕ್ಕೆ ಇಡೀ ಶಾಲೆ ಅವಳನ್ನು ದೂರ ಇಟ್ಟಿದೆ. ಯಾಕೆ ಫೋನ್ ಮಾಡಿದಳು ಅಂತ ಯಾರೂ ಕೇಳಿಲ್ಲ. ಅವಳ ಮೇಲೆ ಅತ್ಯಾಚಾರ ಆಗಿದೆ. ಅವಳು ಹೆಚ್ಚುಕಡಿಮೆ ಮಾತನ್ನೇ ಬಿಟ್ಟಿದ್ದಾಳೆ.

ಇಂಥ ಪುಸ್ತಕ ಹಿಡಿಯುವ ಮುಂಚೆ ಕ್ಲಬ್ ನಡೆಸುವವರು ಕೆಲವು ಕೆಲಸ ಮಾಡಿಕೊಂಡಿರಬೇಕು. ಶಾಲೆಯ ಕೌನ್ಸೆಲರ್ ಹತ್ತಿರ ಮೊದಲೇ ಮಾತಾಡಬೇಕು. ಓದು ಶುರುವಾಗುವ ಮುಂಚೆಯೇ ಮಕ್ಕಳಿಗೆ ಒಂದು ಮಾತು ನೇರವಾಗಿ ಹೇಳಬೇಕು. ನೀವು ನನಗೆ ಏನಾದರೂ ಹೇಳಿದರೆ ನಾನು ಊರಿಗೆಲ್ಲ ಸಾರುವುದಿಲ್ಲ, ಆದರೆ ಯಾರಿಗಾದರೂ ಅಪಾಯ ಇದೆ ಅಂತ ಗೊತ್ತಾದರೆ ಗುಟ್ಟಾಗಿಯೂ ಇಡುವುದಿಲ್ಲ, ಸಹಾಯ ಮಾಡಬಲ್ಲವರಿಗೆ ಹೇಳುತ್ತೇನೆ. ಇದನ್ನು ಆಮೇಲೆ ಹೇಳಿದರೆ ಮೋಸವಾಗುತ್ತದೆ. ಬೇಕಾದಾಗ ಎದ್ದು ಹೋಗಬಹುದು, ಕಾರಣ ಕೇಳುವುದಿಲ್ಲ ಅಂತಲೂ ಹೇಳಿದ್ದೆ. ಎದ್ದು ಹೋದವರನ್ನು ಹಿಂಬಾಲಿಸಿ ಏನಾಯಿತು ಅಂತ ಕೇಳುವುದು ಗೆಳೆಯರಿಗೆ ಪ್ರೀತಿ ಅನಿಸುತ್ತದೆ. ಅದೂ ಬೇಡ ಅಂದೆ.

ಈ ಪುಸ್ತಕದ ಚರ್ಚೆ ಪ್ರತಿ ಸಲ ಒಂದೇ ಕಡೆ ಜಾರುತ್ತದೆ. ಅವಳು ಯಾಕೆ ಯಾರಿಗೂ ಹೇಳಲಿಲ್ಲ? ಹೇಳಬೇಕಿತ್ತು, ಹೇಳಿದ್ದರೆ ಚೆನ್ನಾಗಿತ್ತು. ಕೇಳಲು ಅಮಾಯಕವಾಗಿದೆ, ಆದರೆ ಭಾರವೆಲ್ಲ ಆ ಹುಡುಗಿಯ ತಲೆಗೇ ಹೋಗುತ್ತದೆ. ಅದಕ್ಕೆ ನಾವು ಬೇರೆ ಕೆಲಸ ಹಿಡಿದೆವು. ಪುಸ್ತಕದಲ್ಲಿ ಬರುವ ದೊಡ್ಡವರ ಪಟ್ಟಿ ಮಾಡಿದೆವು. ಅಪ್ಪ, ಅಮ್ಮ, ಪ್ರಿನ್ಸಿಪಾಲ್, ಪಾಠ ಮಾಡುವವರು. ಯಾರು ಏನು ನೋಡಿದರು, ಏನು ಕೇಳಿದರು? ಪುಟ ಸಮೇತ.

ಪಟ್ಟಿ ಬೆಳೆಯುತ್ತಾ ಹೋಯಿತು. ಅಪ್ಪ ಅಮ್ಮ ಅಡುಗೆಮನೆಯಲ್ಲಿ ಚೀಟಿ ಬರೆದಿಟ್ಟು ಮಾತಾಡಿಕೊಳ್ಳುವವರು. ಮಾರ್ಕ್ಸ್ ಬಿದ್ದಾಗ ಎಲ್ಲರೂ ಸಭೆ ಸೇರುತ್ತಾರೆ. “ಮೇಡಂ, ಎಲ್ರೂ ಮಾರ್ಕ್ಸ್ ಯಾಕೆ ಕಮ್ಮಿ ಆಯ್ತು ಅಂತಾನೇ ಕೇಳ್ತಾರೆ” ಅಂದ ಒಬ್ಬ, ಸ್ವಲ್ಪ ಅಸಹನೆಯಿಂದ. ಚಿತ್ರಕಲೆಯ ಮೇಷ್ಟ್ರು ಫ್ರೀಮನ್ ಒಬ್ಬರ ಹೆಸರಿನ ಮುಂದೆ ಮಾತ್ರ ಬೇರೆ ಸಾಲು. ಅವರು ಅವಳಿಗೆ ವರ್ಷವಿಡೀ ಮರದ ಚಿತ್ರ ಬಿಡಿಸುವ ಕೆಲಸ ಕೊಟ್ಟಿದ್ದರು. ನಿನಗೆ ಹೇಳಲು ಏನೋ ಇದೆ, ಹೇಳಿದರೆ ಕೇಳುತ್ತೇನೆ ಅನ್ನುವ ಅರ್ಥದ ಮಾತು ಆಡಿ, ಅಷ್ಟಕ್ಕೆ ನಿಲ್ಲಿಸಿದ್ದರು. ಅದು ಸಾಕಾ ಸಾಲದಾ ಅಂತ ಒಂದು ಸುತ್ತು ವಾದವಾಯಿತು. ಬಾಯಿ ಬಿಡಿಸಬೇಕಿತ್ತು ಅಂತ ಕೆಲವರು. ಬಿಡಿಸಲು ಹೋಗಿದ್ದರೆ ಅವಳು ಆ ಕೋಣೆಗೂ ಬರುತ್ತಿರಲಿಲ್ಲ ಅಂತ ಇನ್ನು ಕೆಲವರು. ಮೇಷ್ಟ್ರ ಕೆಲಸ ಮಾಡುವ ನನಗೆ ಆ ವಾದ ಕೇಳುತ್ತಾ ಕೂರುವುದು ಅಷ್ಟು ಸುಲಭವಾಗಿರಲಿಲ್ಲ, ನಿಜ ಹೇಳಬೇಕೆಂದರೆ.

ಉಳಿದ ಪುಸ್ತಕಗಳದ್ದು ಬೇಗ ಹೇಳಿಬಿಡುತ್ತೇನೆ. ದಪ್ಪ ಪುಸ್ತಕ ಕಂಡರೆ ಓಡುವವರಿಗೆ ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ ಹೇಳಿ ಮಾಡಿಸಿದ್ದು. 2017ರಲ್ಲಿ ಬಂತು. ಪದ್ಯರೂಪದಲ್ಲಿದೆ, ಒಂದೇ ಕೂತಿಗೆ ಮುಗಿಯುತ್ತದೆ. ಅಣ್ಣನನ್ನು ಕೊಂದವನನ್ನು ಕೊಲ್ಲಲು ಹೊರಟ 15 ವರ್ಷದ ವಿಲ್ ಲಿಫ್ಟಿನಲ್ಲಿ ಇಳಿಯುವ ಒಂದು ನಿಮಿಷದ ಕಥೆ. ಪ್ರತಿ ಮಹಡಿಯಲ್ಲೂ ಸತ್ತವರೊಬ್ಬರು ಹತ್ತುತ್ತಾರೆ. ಅಳಬೇಡ, ಚಾಡಿ ಹೇಳಬೇಡ, ಸೇಡು ತೀರಿಸು. ಅವನ ಓಣಿಯ ಮೂರು ನಿಯಮ. ಪುಸ್ತಕ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಅದರಿಂದ ಸಿಟ್ಟಾಗದ ಹುಡುಗನನ್ನು ನಾನು ನೋಡಿಲ್ಲ.

ಆರ್.ಜೆ. ಪಲಾಸಿಯೊ ಅವರ ‘ವಂಡರ್’ ಇನ್ನೂ ಸಣ್ಣ ಮಕ್ಕಳಿಗೆ ಬರೆದದ್ದು, 2012ರದ್ದು. ಆದರೂ ಆರಿಸಿಕೊಂಡರು. ಮುಖದ ರಚನೆ ಬೇರೆಯಾಗಿರುವ, ‘ಆಗಿ’ ಅನ್ನುವ ಹೆಸರಿನ ಹುಡುಗನಿಗೆ ಎಲ್ಲರೂ “ಪಾಪ” ಅಂದು ಮುಗಿಸಿದರು. “ಪಾಪ” ಅನ್ನುವುದು ಚರ್ಚೆಯನ್ನು ಕೊಲ್ಲುವ ಮಾತು. ಅಲ್ಲಿಂದ ಮುಂದೆ ಹೇಳಲು ಏನೂ ಇರುವುದಿಲ್ಲ. ಜೀವ ಬಂದದ್ದು ಅಕ್ಕ ವಿಯಾ ಭಾಗಕ್ಕೆ. ತನ್ನ ನಾಟಕದ ಸುದ್ದಿಯನ್ನು ಅವಳು ಮನೆಯಲ್ಲಿ ಹೇಳುವುದಿಲ್ಲ. ತನ್ನ ಹೊಸ ಶಾಲೆಗೆ ತಮ್ಮ ಬರುವುದು ಅವಳಿಗೆ ಬೇಡ. ಅವಳು ಕೆಟ್ಟವಳಾ? ಇಲ್ಲಿ ಯಾರೂ ಪಾಪ ಅನ್ನಲಿಲ್ಲ. ಆಗಿಯನ್ನು ಕಾಡುವ ಜೂಲಿಯನ್‌ಗೆ ಪುಸ್ತಕದಲ್ಲಿ ತನ್ನ ಕಥೆ ಹೇಳುವ ಅವಕಾಶವೇ ಇಲ್ಲ, ಲೇಖಕಿ 2014ರಲ್ಲಿ ಬೇರೆಯಾಗಿ ಅವನ ಕಥೆ ಬರೆದರು ಅಂದಾಗ, ಅದನ್ನು ಓದಬಾರದು ಅಂತ ಹಟ ಹಿಡಿದವರೂ ಇದ್ದರು. ಅವನ ಕಾರಣ ನಮಗೆ ಬೇಡ ಅಂತ.

ಮಕ್ಕಳ ಪುಸ್ತಕಗಳ ಬಗ್ಗೆ ಮಾತಾಡುವಾಗ ಅಮೆರಿಕದ ಮಕ್ಕಳ ಸಾಹಿತ್ಯ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ ಅವರನ್ನು ನೆನೆಯದವರಿಲ್ಲ. ಪುಸ್ತಕ ಕೆಲವರಿಗೆ ತಮ್ಮ ಬದುಕನ್ನೇ ತೋರಿಸುವ ಕನ್ನಡಿ, ಕೆಲವರಿಗೆ ಬೇರೆಯವರ ಬದುಕನ್ನು ತೋರಿಸುವ ಕಿಟಕಿ ಅಂತ ಅವರು 1990ರಲ್ಲಿ ಬರೆದರು. ಮಾತು ಸರಿ. ಆದರೆ ಅದನ್ನು ಹಿಡಿದುಕೊಂಡು ಇದು ನಿನಗೆ ಕನ್ನಡಿ, ಅದು ಅವನಿಗೆ ಕಿಟಕಿ ಅಂತ ಹಂಚಲು ಹೊರಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ತುಂಬಾ ಅನುಕೂಲಸ್ಥ ಮನೆಯ ಹುಡುಗನೊಬ್ಬ ‘ಲಾಂಗ್ ವೇ ಡೌನ್’ ಪುಸ್ತಕವನ್ನು ವಾಪಸ್ ಕೊಡಲು ಒಪ್ಪಲಿಲ್ಲ. ಇನ್ನೂ ಬೇಕು ಅಂದ. ಯಾಕೆ ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಕ್ಲಬ್ ಶುರು ಮಾಡಬೇಕು ಅಂತ ಇರುವವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಗುಂಪು ಎಷ್ಟು ದೊಡ್ಡದಿರಬೇಕು ಅಂತ. ಒಂದು ಮೇಜಿನ ಸುತ್ತ ಕೂರುವಷ್ಟು ಸಾಕು. ಜಾಸ್ತಿಯಾದರೆ ಎರಡು ಮೇಜು ಹಾಕಿ, ಮೈಕ್ ಹಾಕಬೇಡಿ. ಪರೀಕ್ಷೆ, ಅಂಕ, ವರದಿ, ಯಾವುದನ್ನೂ ಇದಕ್ಕೆ ಅಂಟಿಸಬೇಡಿ. ಕೊನೆಗೆ ಜಾಗೃತಿ ಪೋಸ್ಟರ್ ಮಾಡಿಸೋಣ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ನಯವಾಗಿ ತಪ್ಪಿಸಿಕೊಳ್ಳಿ. ಪೋಸ್ಟರ್ ಇದೆ ಅಂತ ಗೊತ್ತಾದ ದಿನದಿಂದ ಮಕ್ಕಳು ಪೋಸ್ಟರಿನ ಮೇಲೆ ಬರೆಯಬಹುದಾದ ಮಾತುಗಳನ್ನೇ ಆಡಲು ಶುರು ಮಾಡುತ್ತಾರೆ.

ಓದದೇ ಬರುವವರನ್ನು ಏನು ಮಾಡಬೇಕು ಅನ್ನೋದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಕೂರಲು ಬಿಡುತ್ತೇವೆ. ಪುಟ ತೋರಿಸಲಾಗದವರು ಮಾತಾಡುವ ಹಾಗಿಲ್ಲ, ಕೇಳಬಹುದು ಅಷ್ಟೇ. ಬೇರೆಯವರ ಜಗಳ ಕೇಳಿ ಹೊಟ್ಟೆಕಿಚ್ಚಾಗಿ ಅಲ್ಲೇ ಕೂತು ಓದಲು ಶುರು ಮಾಡಿದವರಿದ್ದಾರೆ. ವರ್ಷವಿಡೀ ಬಾಯಿ ಬಿಡದೆ ಬಂದು ಕೂತು ಹೋದವನೂ ಒಬ್ಬನಿದ್ದಾನೆ. ಈ ಸಲದ ಮತದ ಚೀಟಿಗಳಲ್ಲಿ ಅವನದೂ ಒಂದಿತ್ತು. ಅತಿ ತೆಳ್ಳಗಿನ ಪುಸ್ತಕಕ್ಕೆ ಮತ ಹಾಕಿದ್ದ. ಅದು ಸೋತಿತು.